ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು: ಮದರ್‌ಬೋರ್ಡ್ ಹೋಯಿತು ಅನ್ನುವ ಮೊದಲು

ಪ್ರಶ್ನೆ: ನಾನು ಸಾಗರ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕ. ಮನೆಯಲ್ಲಿ 2018ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಜುಲೈಯಲ್ಲಿ ಮಗಳ ಮನೆಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದೆವು. ಸಿಡಿಲಿನ ಭಯಕ್ಕೆ ಹೊರಡುವಾಗ ಪ್ಲಗ್ ಎಲ್ಲ ಕಿತ್ತಿಟ್ಟಿದ್ದೆ. ಈಗ ಆನ್ ಮಾಡಿದರೆ ಲೈಟ್ ಬರುತ್ತದೆ, ಫ್ಯಾನ್ ತಿರುಗುತ್ತದೆ, ಪರದೆ ಮೇಲೆ ಏನೂ ಇಲ್ಲ. ಒಂದೆರಡು ಸಲ ತಾನೇ ಆಫ್ ಆಗಿ ಮತ್ತೆ ಆನ್ ಆಯಿತು. ನಾನು ರಾತ್ರಿ ಸ್ವಿಚ್‌ಬೋರ್ಡಿನಲ್ಲೂ ಆಫ್ ಮಾಡಿ ಮಲಗುವವನು. ಎರಡು ತಿಂಗಳಿಂದ ಬೆಳಿಗ್ಗೆ ಆನ್ ಮಾಡಿದಾಗ ತಾರೀಖು 2018ಕ್ಕೆ ಹೋಗಿರುತ್ತಿತ್ತು, ಬ್ಯಾಂಕಿನ ವೆಬ್‌ಸೈಟ್ ತೆರೆಯುತ್ತಿರಲಿಲ್ಲ. ಅಂಗಡಿಯವರಿಗೆ ಫೋನ್ ಮಾಡಿದರೆ "ಮದರ್‌ಬೋರ್ಡ್ ಹೋಗಿದೆ, ಹೊಸ ಸಿಸ್ಟಮ್ ತಗೊಳ್ಳಿ" ಎಂದರು. ಅದರಲ್ಲಿ ಮನೆಯವರ ಫೋಟೋಗಳಿವೆ. ಅಮ್ಮನ ಬಾಯಿಂದ ಕೇಳಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಸೆ ಹಾಡುಗಳಿವೆ. ಎಲ್ಲ ಹೋದಂತೆಯೇ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಹಾಡುಗಳು ಇರುವುದು ಹಾರ್ಡ್ ಡಿಸ್ಕಿನಲ್ಲಿ. ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆ) ನಿಜವಾಗಿಯೇ ಸುಟ್ಟುಹೋಗಿದ್ದರೂ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಓದಬಹುದು. ನೀವು ಬರೆದಿರುವುದನ್ನು ನೋಡಿದರೆ ಡಿಸ್ಕಿನ ಸರದಿ ಬರುವ ಮೊದಲೇ ಯಂತ್ರ ನಿಂತುಬಿಡುತ್ತಿದೆ. ಹಾಡುಗಳಿಗೆ ಏನಾದರೂ ಆಗಿದೆ ಅನ್ನಲು ಸದ್ಯಕ್ಕೆ ಯಾವ ಕಾರಣವೂ ಇಲ್ಲ.

ಹೇಗೆ ಗೊತ್ತು ಅನ್ನುತ್ತೀರಾ? ಗುಂಡಿ ಒತ್ತಿದ ಮೇಲೆ ಕಂಪ್ಯೂಟರ್ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮೊದಲು ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಇಳಿಸುವ ಡಬ್ಬ) ಕರೆಂಟ್ ಕೊಡಬೇಕು. ಆಮೇಲೆ ಪ್ರೊಸೆಸರ್ ಎದ್ದು ಬಯೋಸ್ (ಬೋರ್ಡಿನಲ್ಲೇ ಇರುವ, ಯಂತ್ರ ಎಬ್ಬಿಸುವ ಪುಟ್ಟ ತಂತ್ರಾಂಶ) ಓದಬೇಕು. ಬಯೋಸ್ ಹೋಗಿ ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ನೆನಪಿನ ಪಟ್ಟಿ) ಇದೆಯಾ ಅಂತ ನೋಡಬೇಕು, ಆಮೇಲೆ ಡಿಸ್‌ಪ್ಲೇ ಎಬ್ಬಿಸಬೇಕು. ಕಂಪನಿಯ ಲೋಗೋ ಬರುವುದು ಆಗ. ಡಿಸ್ಕ್, ವಿಂಡೋಸ್ ಎಲ್ಲ ಅದರ ನಂತರ. ನಿಮ್ಮದರಲ್ಲಿ ಲೋಗೋ ಕೂಡ ಬಂದಿಲ್ಲ. ಅಂದರೆ ವಿಂಡೋಸ್ ಹಾಳಾಗಿರಬಹುದು, ವೈರಸ್ ಇರಬಹುದು ಅನ್ನುವ ಮಾತೆಲ್ಲ ಈಗ ಬೇಡ. ಫಾರ್ಮ್ಯಾಟ್ ಮಾಡಿಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಕಂಪ್ಯೂಟರ್ "ಆನ್ ಆಗ್ತಿಲ್ಲ" ಅಂತ ಬಂದವರನ್ನೆಲ್ಲ ನಾನು ಮೊದಲು ಕೇಳುವುದು ಇಷ್ಟೇ: ಯಾವ ಮೆಟ್ಟಿಲಲ್ಲಿ ನಿಂತಿತು?

ನಿಮ್ಮ ಪತ್ರದಲ್ಲಿ ನೀವೇ ಒಂದು ಸುಳಿವು ಕೊಟ್ಟಿದ್ದೀರಿ, ಆ 2018ರ ತಾರೀಖು. ಮದರ್‌ಬೋರ್ಡಿನ ಮೇಲೆ ಸುಮಾರು ಹಳೆಯ ನಾಲ್ಕಾಣೆಯಷ್ಟು ಅಗಲದ ಒಂದು ಬಟನ್ ಸೆಲ್ ಇರುತ್ತದೆ. ಗಡಿಯಾರ ನಡೆಸುವುದು, ಬಯೋಸಿನ ಸೆಟ್ಟಿಂಗುಗಳನ್ನು ನೆನಪಿಡುವುದು ಅದರ ಕೆಲಸ. ಸ್ವಿಚ್‌ಬೋರ್ಡ್ ಆನ್ ಇರುವಷ್ಟು ಹೊತ್ತು, ಕಂಪ್ಯೂಟರ್ ಆಫ್ ಆಗಿದ್ದರೂ, ಎಸ್‌ಎಂಪಿಎಸ್ 5 ವೋಲ್ಟಿನ ಸಣ್ಣ ಕರೆಂಟನ್ನು ಬೋರ್ಡಿಗೆ ಕೊಡುತ್ತಲೇ ಇರುತ್ತದೆ. ಆಗ ಸೆಲ್ಲಿಗೆ ರಜೆ. ನೀವು ದಿನಾ ರಾತ್ರಿ ಗೋಡೆಯ ಸ್ವಿಚ್ ಆಫ್ ಮಾಡುತ್ತಿದ್ದಿರಿ, ಹಾಗಾಗಿ ರಾತ್ರಿಯಿಡೀ ಸೆಲ್ ಒಂದೇ ದುಡಿಯುತ್ತಿತ್ತು. ಅದು ಸೋತಿತ್ತು, ತಾರೀಖು ಹಿಂದೆ ಹೋಗುತ್ತಿತ್ತು. ಬ್ಯಾಂಕಿನ ವೆಬ್‌ಸೈಟ್ ತೆರೆಯದೇ ಇದ್ದದ್ದಕ್ಕೂ ಇದೇ ಕಾರಣ: ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2018ರಲ್ಲಿ ಕೂತು ಇವತ್ತಿನ ಪ್ರಮಾಣಪತ್ರ ನೋಡಿದರೆ ಬ್ರೌಸರ್ ನಂಬುವುದಿಲ್ಲ. ಇಪ್ಪತ್ತು ದಿನ ಪ್ಲಗ್ ಕಿತ್ತಿಟ್ಟಾಗ ಸೆಲ್ ಪೂರ್ತಿ ಬರಿದಾಗಿರಬೇಕು. ಪ್ಲಗ್ ಕಿತ್ತದ್ದು ತಪ್ಪು ಅನ್ನುತ್ತಿಲ್ಲ. ಮಲೆನಾಡಿನಲ್ಲಿ ಸಿಡಿಲಿನ ಕಾಲಕ್ಕೆ ಕೀಳಲೇಬೇಕು, ಇಂಟರ್‌ನೆಟ್ ಕೇಬಲ್ ಸಮೇತ.

ಎರಡನೇ ಅನುಮಾನ ಮಳೆ. ಜುಲೈಯಲ್ಲಿ ಇಪ್ಪತ್ತು ದಿನ ಬಾಗಿಲು ಹಾಕಿದ ಮನೆಯಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತದೆ, ಇನ್ನು ರ‍್ಯಾಮ್ ಏನು ಮಹಾ. ದಿನಾ ಆನ್ ಆಗುವ ಕಂಪ್ಯೂಟರ್ ತನ್ನ ಬಿಸಿಗೇ ಒಣಗಿರುತ್ತದೆ. ನಿಂತದ್ದಕ್ಕೆ ಆ ಭಾಗ್ಯ ಇಲ್ಲ. ಆಫ್ ಆಗಿ ತಾನೇ ಮತ್ತೆ ಆನ್ ಆಗುವುದು ರ‍್ಯಾಮ್ ಸರಿಯಾಗಿ ಸಿಗದಿದ್ದಾಗ ಬಹಳ ಬೋರ್ಡುಗಳು ಮಾಡುವ ಕೆಲಸ. ಆದ್ದರಿಂದ ನನ್ನ ಅನುಮಾನ ಸೆಲ್ ಮತ್ತು ರ‍್ಯಾಮ್ ಮೇಲೆ. ಮಳೆಗಾಲದಲ್ಲಿ ನನ್ನ ಟೇಬಲ್ಲಿಗೆ ಬರುವ ಕಪ್ಪು ಪರದೆಗಳಲ್ಲಿ ಜಾಸ್ತಿ ಪಾಲು ಆ ಪಟ್ಟಿಯನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೇ ವಾಸಿಯಾಗುತ್ತವೆ.

ಕ್ಯಾಬಿನೆಟ್ ಬಿಚ್ಚುವ ಮೊದಲು ಹಿಂಬದಿ ಒಮ್ಮೆ ನೋಡಿಬಿಡಿ. ನಾನು ಕೆಲಸ ಕಲಿಯುತ್ತಿದ್ದ ಹೊಸತರಲ್ಲಿ ಒಂದು ಮನೆಯಲ್ಲಿ ಅರ್ಧ ದಿನ ಕೂತು ಎಲ್ಲ ಬಿಚ್ಚಿ ಜೋಡಿಸಿದ್ದೆ. ಕಾಫಿ ತಂದ ಅಜ್ಜಿ, "ಕಸ ಗುಡಿಸುವಾಗ ಒಂದು ವೈರು ಕಿತ್ತು ಬಂತು ಮಾರಾಯ, ಹಿಡಿಸುವ ಕಡೆ ಸಿಕ್ಕಿಸಿದೆ" ಎಂದರು. ಆ ಯಂತ್ರಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇತ್ತು. ಆ ಕಾರ್ಡಿಗೆ ಹೋಗಬೇಕಿದ್ದ ಮಾನಿಟರಿನ ಕೇಬಲ್ಲನ್ನು ಅಜ್ಜಿ ಮದರ್‌ಬೋರ್ಡಿನ ಕಿಂಡಿಗೆ ಹಾಕಿದ್ದರು. ಅಂದಿನಿಂದ ಮೊದಲು ಮಾನಿಟರ್, ಅದರ ಕೇಬಲ್, ಅದರ ಸ್ವಿಚ್. ಇನ್ನೊಂದು ಸುಲಭದ ಪರೀಕ್ಷೆ: ಆನ್ ಮಾಡಿ ಒಂದು ನಿಮಿಷ ಬಿಟ್ಟು ಕೀಬೋರ್ಡಿನಲ್ಲಿ ನಮ್ ಲಾಕ್ ಒತ್ತಿ. ಅದರ ಪುಟ್ಟ ದೀಪ ಒಮ್ಮೆ ಹತ್ತಿ ಒಮ್ಮೆ ಆರುತ್ತಿದ್ದರೆ ಒಳಗೆ ಯಂತ್ರ ಎದ್ದಿದೆ, ತೊಂದರೆ ಪರದೆಯ ಕಡೆ ಇದೆ. ದೀಪ ಮಿಸುಕದಿದ್ದರೆ ಕ್ಯಾಬಿನೆಟ್ ಬಿಚ್ಚಿ.

ಪ್ಲಗ್ ಪೂರ್ತಿ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಹಳೆ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್ಲಿಗೆ ಹಾಕಿದ್ದು ಎಷ್ಟೋ ಸಲ ನೋಡಿದ್ದೇನೆ. ಕಿತ್ತ ಮೇಲೆ ಪವರ್ ಬಟನ್ನನ್ನು ಹದಿನೈದು ಇಪ್ಪತ್ತು ಸೆಕೆಂಡ್ ಒತ್ತಿಹಿಡಿಯಿರಿ, ಬೋರ್ಡಿನಲ್ಲಿ ಉಳಿದ ಕರೆಂಟ್ ಇಳಿಯುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಕಬ್ಬಿಣದ ಜಾಗ ಒಮ್ಮೆ ಮುಟ್ಟಿ ಕೆಲಸ ಶುರು ಮಾಡಿ. ಎಡಬದಿಯ ಬಾಗಿಲಿನ ಎರಡು ಸ್ಕ್ರೂ ಬಿಚ್ಚಿ ಹಿಂದಕ್ಕೆ ಎಳೆದರೆ ಬರುತ್ತದೆ. ಟಾರ್ಚ್ ಹಾಕಿ ನೋಡಿ. ಇರುವೆ ಗೂಡು ಮಾಡಿರಬಹುದು, ಹಲ್ಲಿ ಸತ್ತಿರಬಹುದು, ಇಲಿ ವೈರು ಕಡಿದಿರಬಹುದು. ತಮಾಷೆಗೆ ಹೇಳುತ್ತಿಲ್ಲ, ಮಳೆಯಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಇವೆಲ್ಲ ಒಳಗೆ ಬರುತ್ತವೆ. ಮೆತ್ತನೆಯ ಪೇಂಟ್ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ, ಬಾಯಲ್ಲಿ ಊದಬೇಡಿ, ಉಗುಳಿನ ಹನಿ ಬೀಳುತ್ತದೆ.

ಬೇರೆ ಏನೂ ಮುಟ್ಟುವ ಮೊದಲು ಹಾರ್ಡ್ ಡಿಸ್ಕಿಗೆ ಹೋಗುವ ಎರಡು ಕೇಬಲ್ ಕಿತ್ತುಬಿಡಿ: ಒಂದು ಎಸ್‌ಎಂಪಿಎಸ್‌ನಿಂದ ಬರುವ ಅಗಲ ಬಾಯಿಯದು, ಇನ್ನೊಂದು ಬೋರ್ಡಿನಿಂದ ಬರುವ ಚಪ್ಪಟೆ ಸಾಟಾ ಕೇಬಲ್. ಲೋಗೋ ಬರಲು ಡಿಸ್ಕ್ ಬೇಕಾಗಿಲ್ಲ. ನಾವು ಹತ್ತು ಸಲ ಆನ್ ಆಫ್ ಮಾಡುವ ಆಟದಲ್ಲಿ ಹಾಡುಗಳು ಪಕ್ಕಕ್ಕೆ ಸುಮ್ನೆ ಕೂತಿರಲಿ.

ಈಗ ಸೆಲ್. ಅದರ ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ. ಆ ಅಂಕಿಯೇ ಅಳತೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಅಂಗಡಿಯಲ್ಲಿ 2025 ಕೊಟ್ಟರೆ ಬೇಡ ಅನ್ನಿ, ಅಗಲ ಅಷ್ಟೇ ಇದ್ದರೂ ತೆಳ್ಳಗಿರುತ್ತದೆ, ಸಡಿಲ ಕೂರುತ್ತದೆ. ಪಕ್ಕದ ಪುಟ್ಟ ಲೋಹದ ನಾಲಿಗೆಯನ್ನು ಹೊರಕ್ಕೆ ಒತ್ತಿದರೆ ಸೆಲ್ ತಾನೇ ಮೇಲೇಳುತ್ತದೆ. ಮಲ್ಟಿಮೀಟರ್ ಇದ್ದರೆ ನೋಡಿ, 3 ವೋಲ್ಟಿನ ಆಸುಪಾಸು ಇರಬೇಕು. ಹಳೆಯದನ್ನು ತೆಗೆದು ಐದು ನಿಮಿಷ ಖಾಲಿ ಬಿಡಿ, ಬಯೋಸಿನ ಅರೆಬರೆ ಸೆಟ್ಟಿಂಗುಗಳು ಅಳಿಸಿಹೋಗುತ್ತವೆ. ಅಕ್ಷರ ಮೇಲೆ ಬರುವಂತೆ ಹೊಸದನ್ನು ಒತ್ತಿ ಕೂರಿಸಿ. ಹಳೆಯದನ್ನು ಮೇಜಿನ ಮೇಲೆ ಬಿಡಬೇಡಿ. ಮನೆಗೆ ಮೊಮ್ಮಕ್ಕಳು ಬರುತ್ತಾರೆ ಅಲ್ವಾ, ಈ ಸೆಲ್ ನುಂಗಿದರೆ ಗಂಟಲು, ಅನ್ನನಾಳ ಸುಡುತ್ತದೆ.

ಆಮೇಲೆ ರ‍್ಯಾಮ್. ಪ್ರೊಸೆಸರಿನ ಫ್ಯಾನ್ ಪಕ್ಕದಲ್ಲಿ ಉದ್ದಕ್ಕೆ ನಿಂತ ಪಟ್ಟಿ, ಒಂದಿರಬಹುದು, ಎರಡಿರಬಹುದು. ತುದಿಯ ಕ್ಲಿಪ್ಪನ್ನು ಹೊರಕ್ಕೆ ಬಾಗಿಸಿದರೆ ಪಟ್ಟಿ ಸಡಿಲವಾಗುತ್ತದೆ. ಅಂಚು ಹಿಡಿದು ಎತ್ತಿ. ಈಗ ಬೆಳಕಿಗೆ ಹಿಡಿದು ಕೆಳಗಿನ ಅಂಚು ನೋಡಿ. 2018ರ ಯಂತ್ರ ಅಂದರೆ ಬಹುಮಟ್ಟಿಗೆ ಡಿಡಿಆರ್ 4 ಜಾತಿಯ ಪಟ್ಟಿ. ಅದರಲ್ಲಿ 288 ಪುಟ್ಟ ಹೊಂಬಣ್ಣದ ಹಲ್ಲುಗಳು ಇರುತ್ತವೆ, ಆ ಬದಿಗೆ ಅರ್ಧ, ಈ ಬದಿಗೆ ಅರ್ಧ. ಹೊಸತರಲ್ಲಿ ಫಳಫಳ ಹೊಳೆಯುತ್ತವೆ. ನಿಮ್ಮದರ ಮೇಲೆ ಮಂಕು ಪೊರೆ ಕಾಣಬಹುದು, ಹಳೆ ಹಿತ್ತಾಳೆ ತಂಬಿಗೆಯ ಹಾಗೆ. ಚಿನ್ನಕ್ಕೆ ತುಕ್ಕು ಹಿಡಿಯುವುದಿಲ್ಲವಲ್ಲ ಅಂತ ನೀವು ಮೇಷ್ಟ್ರಾಗಿ ಕೇಳಿಯೇ ಕೇಳುತ್ತೀರಿ. ನಿಜ, ಆದರೆ ಆ ಲೇಪ ತೀರಾ ತೆಳ್ಳಗಿರುತ್ತದೆ. ಅದರ ಸೂಕ್ಷ್ಮ ತೂತುಗಳಲ್ಲಿ ಒಳಗಿನ ಲೋಹಕ್ಕೆ ತೇವ ತಾಗುತ್ತದೆ, ಮೇಲೆ ಧೂಳು, ಬೆರಳಿನ ಜಿಡ್ಡು ಬೇರೆ. ಒಂದೇ ಒಂದು ಹಲ್ಲು ಸರಿಯಾಗಿ ತಾಗದಿದ್ದರೂ ಸಾಕು, ಕಂಪ್ಯೂಟರ್ ಮುಂದಿನ ಮೆಟ್ಟಿಲು ಹತ್ತುವುದಿಲ್ಲ.

ಮಕ್ಕಳ ಕಂಪಾಸ್ ಡಬ್ಬಿಯ ಬಿಳಿ ಪೆನ್ಸಿಲ್ ರಬ್ಬರ್ ತಗೊಳ್ಳಿ. ಇಂಕು ಅಳಿಸುವ ಒರಟು ರಬ್ಬರ್ ಬೇಡ, ಅದು ಚಿನ್ನವನ್ನೇ ಕೆರೆದು ತೆಗೆಯುತ್ತದೆ. ಪಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ ಹಲ್ಲುಗಳ ಉದ್ದಕ್ಕೆ, ಮೇಲಿನಿಂದ ಕೆಳಕ್ಕೆ, ಹಗುರವಾಗಿ ಉಜ್ಜಿ. ಅಡ್ಡಡ್ಡ ಉಜ್ಜಬೇಡಿ. ಎರಡೂ ಬದಿ ಹೊಳಪು ಬಂದ ಮೇಲೆ ರಬ್ಬರಿನ ಪುಡಿಯನ್ನು ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ. ಪುಡಿ ಸ್ಲಾಟಿಗೆ ಬಿದ್ದರೆ ಇದ್ದದ್ದೂ ಹೋಯಿತು. ಸ್ಲಾಟಿನೊಳಗೆ ಬ್ರಷ್ ಆಡಿಸಿ, ಪಿನ್ನು ಸೂಜಿ ಹಾಕಬೇಡಿ. ಕೂರಿಸುವಾಗ ಪಟ್ಟಿಯ ಕೆಳಗಿನ ಕಚ್ಚು ಸ್ಲಾಟಿನ ಗುಬುಟಿಗೆ ಸರಿಹೊಂದಬೇಕು. ಕಚ್ಚು ಸರಿಯಾಗಿ ನಡುವೆ ಇರುವುದಿಲ್ಲ, ಹಾಗಾಗಿ ತಿರುಗಾಮುರುಗಾ ಕೂರುವುದಿಲ್ಲ. ಎರಡು ಹೆಬ್ಬೆರಳಿನಿಂದ ಎರಡೂ ತುದಿ ಒತ್ತಿ. "ಟಕ್" ಅನ್ನಬೇಕು. ಹೊಸಬರು ಭಯಕ್ಕೆ ಅರ್ಧಂಬರ್ಧ ಒತ್ತಿ ಬಿಡುತ್ತಾರೆ, ಕ್ಲಿಪ್ ತಾನೇ ಎದ್ದು ಕಚ್ಚಿಕೊಳ್ಳುವವರೆಗೆ ಒತ್ತಬೇಕು. ಎರಡು ಪಟ್ಟಿ ಇದ್ದರೆ ಮೊದಲು ಒಂದನ್ನೇ ಹಾಕಿ ನೋಡಿ, ಬಾರದಿದ್ದರೆ ಇನ್ನೊಂದನ್ನು, ಆಮೇಲೆ ಸ್ಲಾಟ್ ಬದಲಿಸಿ.

ಬಾಗಿಲು ಹಾಕದೆ, ಕೈ ದೂರ ಇಟ್ಟು, ಪ್ಲಗ್ ಹಾಕಿ ಆನ್ ಮಾಡಿ. ಒಂದೆರಡು ನಿಮಿಷ ಕಾಯಿರಿ, ಗಡಿಬಿಡಿಯಲ್ಲಿ ಆಫ್ ಮಾಡಬೇಡಿ. ಸೆಟ್ಟಿಂಗ್ ಅಳಿಸಿದ ಮೇಲಿನ ಮೊದಲ ಸಲ ಸ್ವಲ್ಪ ತಡವಾಗುತ್ತದೆ, ಒಮ್ಮೆ ತಾನೇ ಆಫ್ ಆಗಿ ಏಳಲೂಬಹುದು. ಪರದೆ ಮೇಲೆ "ಸಿಮಾಸ್" ಅಂತಲೋ, ಎಫ್ 1 ಒತ್ತಿ ಅಂತಲೋ ಇಂಗ್ಲಿಷಿನಲ್ಲಿ ಏನಾದರೂ ಬಂದರೆ ಹೆದರಬೇಡಿ, ಅದು ಒಳ್ಳೆ ಸುದ್ದಿ. ಬಯೋಸಿಗೆ ಹೋಗಿ ತಾರೀಖು ಸರಿ ಮಾಡಿ, ಸೇವ್ ಮಾಡಿ, ಆಫ್ ಮಾಡಿ, ಡಿಸ್ಕಿನ ಕೇಬಲ್ಲುಗಳನ್ನು ಮತ್ತೆ ಸಿಕ್ಕಿಸಿ.

ಇಷ್ಟಾದರೂ ಕಪ್ಪಾಗಿಯೇ ಇದ್ದರೆ? ಆಗ ಅಂಗಡಿಯವರ ಮಾತನ್ನು ಪರೀಕ್ಷೆಗೆ ಒಡ್ಡೋಣ. ಮದರ್‌ಬೋರ್ಡಿನ ನಾಲ್ಕು ಪಿನ್ನಿಗೆ ಸಿಕ್ಕಿಸುವ ಕಿರುಬೆರಳ ತುದಿಯಷ್ಟು ದೊಡ್ಡ ಸ್ಪೀಕರ್ ಸಿಗುತ್ತದೆ, ಬೆಲೆ ಹೆಚ್ಚಿಲ್ಲ. ಕೆಲವು ಯಂತ್ರಗಳಲ್ಲಿ ಮೊದಲೇ ಇರುತ್ತದೆ. ಅದನ್ನು ಹಾಕಿ, ರ‍್ಯಾಮ್ ಎಲ್ಲ ತೆಗೆದು, ಬರೀ ಬೋರ್ಡನ್ನು ಆನ್ ಮಾಡಿ. ಬೀಪ್ ಬೀಪ್ ಅಂತ ಕೂಗಿತೋ, ಮದರ್‌ಬೋರ್ಡಿಗೂ ಪ್ರೊಸೆಸರಿಗೂ ಜೀವ ಇದೆ. "ನನಗೆ ರ‍್ಯಾಮ್ ಕಾಣುತ್ತಿಲ್ಲ" ಅಂತ ಹೇಳಲು ಅವೆರಡೂ ಎಚ್ಚರ ಇರಲೇಬೇಕು. ಆಗ ಅನುಮಾನ ಪೂರ್ತಿ ರ‍್ಯಾಮಿನ ಮೇಲೆ, ಗೆಳೆಯರ ಯಂತ್ರದಿಂದ ಅದೇ ಜಾತಿಯ ಪಟ್ಟಿ ತಂದು ಹಾಕಿ ನೋಡಿ. ಯಾವ ಸದ್ದೂ ಇಲ್ಲದಿದ್ದರೆ ತೊಂದರೆ ಅದಕ್ಕೂ ಕೆಳಗಿನ ಮೆಟ್ಟಿಲಲ್ಲಿ: ಎಸ್‌ಎಂಪಿಎಸ್, ಬೋರ್ಡ್ ಇಲ್ಲವೇ ಪ್ರೊಸೆಸರ್. ಈ ಮೂರರಲ್ಲಿ ಮೊದಲು ಹೋಗುವುದು ಸಾಮಾನ್ಯವಾಗಿ ಎಸ್‌ಎಂಪಿಎಸ್. ನಮ್ಮ ಕಡೆಯ ಕರೆಂಟಿನ ಏರಿಳಿತವನ್ನೆಲ್ಲ ನುಂಗುವುದು ಅದೇ ಅಲ್ವಾ.

ಫ್ಯಾನ್ ತಿರುಗುತ್ತದೆ, ಆದ್ದರಿಂದ ಎಸ್‌ಎಂಪಿಎಸ್ ಸರಿ ಇದೆ ಅನ್ನುವ ಮಾತು ಪೂರ್ತಿ ನಿಜ ಅಲ್ಲ. ಫ್ಯಾನ್ ಸೊರಗಿದ ಕರೆಂಟಿನಲ್ಲೂ ತಿರುಗುತ್ತದೆ, ಪ್ರೊಸೆಸರ್ ಏಳುವುದಿಲ್ಲ. ಮಲ್ಟಿಮೀಟರ್ ಹಿಡಿಯಲು ಬರುವವರು ಯಾರಾದರೂ ಇದ್ದರೆ ಹಳದಿ ವೈರಿನಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ವೋಲ್ಟ್ ಇದೆಯಾ ನೋಡಲಿ, ಕಪ್ಪು ವೈರು ನೆಗೆಟಿವ್. ಇದು ನೂರಕ್ಕೆ ಐದು ಹೆಚ್ಚು ಕಡಿಮೆ ಅನ್ನುವ ನಿಯಮ. ಆದರೆ ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಅದರೊಳಗಿನ ದೊಡ್ಡ ಕೆಪಾಸಿಟರ್ 300 ವೋಲ್ಟಿಗೂ ಹೆಚ್ಚು ಹಿಡಿದಿಟ್ಟುಕೊಂಡಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಬದಲಿಸುವುದಾದರೆ ಪೂರ್ತಿ ಬದಲಿಸಿ, ಹೆಸರಿಲ್ಲದ ಅಗ್ಗದ್ದು ಬೇಡ.

ಇದೇ ಸಂದರ್ಭಕ್ಕೆ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಂ ಅನ್ನುತ್ತದೆಯಾ? ಅನ್ನುತ್ತಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಸತ್ತಿದೆ. ಎಸ್‌ಎಂಪಿಎಸ್‌ನ ಫಿಲ್ಟರ್ ಸ್ವಲ್ಪ ಕರೆಂಟನ್ನು ಅರ್ಥಿಗೆ ಬಿಡುತ್ತದೆ. ಅರ್ಥ್ ಇಲ್ಲದಿದ್ದರೆ 230 ವೋಲ್ಟಿನ ಸುಮಾರು ಅರ್ಧ ಕ್ಯಾಬಿನೆಟ್ಟಿನ ಮೇಲೆಯೇ ಕೂತಿರುತ್ತದೆ. ಕರೆಂಟ್ ಅತ್ಯಲ್ಪ, ಆದರೂ ಇದು ಸರಿ ಮಾಡಿಸಬೇಕಾದ ವಿಷಯ. ಇದ್ದಿಲು, ಉಪ್ಪು ಹಾಕಿದ ಹಳೆ ಅರ್ಥ್ ಗುಂಡಿ ಇದ್ದರೆ ಎಲೆಕ್ಟ್ರಿಷಿಯನ್ ಕರೆದು ವೈರು ತುಂಡಾಗಿದೆಯಾ ನೋಡಿಸಿ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದನ್ನು ಎಲ್ಲರೂ ಮರೆಯುತ್ತಾರೆ.

ಲೋಗೋ ಬಂದು ಆಮೇಲೆ ನಿಂತರೆ ಕಥೆ ಬೇರೆ, ಮತ್ತು ಸುಲಭ. ಬೂಟ್ ಡಿವೈಸ್ ಇಲ್ಲ ಅಂದರೆ ಪೆನ್‌ಡ್ರೈವ್ ಸಿಕ್ಕಿಸಿಯೇ ಬಿಟ್ಟಿದ್ದೀರಾ ನೋಡಿ, ಸಾಟಾ ಕೇಬಲ್ ಒತ್ತಿ ನೋಡಿ. ನೀಲಿ ಪರದೆ ಬಂದರೆ, ಸೆಲ್ ಸತ್ತಾಗ ಬಯೋಸಿನಲ್ಲಿ ಡಿಸ್ಕಿನ ಮೋಡ್ ಬದಲಾಗಿದೆ ಅಂತ ನನ್ನ ಮೊದಲ ಅನುಮಾನ. ಸಾಟಾ ಮೋಡ್ ಎಎಚ್‌ಸಿಐ ಇರುವುದೇ ಹೆಚ್ಚು, ಬೇರೆ ಏನಾದರೂ ಇದ್ದರೆ ಬದಲಿಸಿ ನೋಡಿ. ನೀಲಿ ಪರದೆ ಕಂಡ ಕೂಡಲೇ ಯಂತ್ರ ಸತ್ತಿತು ಅಂದುಕೊಳ್ಳಬೇಡಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ತಂತ್ರಾಂಶದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಹೀಗೆ ನೀಲಿಯಾಗಿ ನಿಂತವು, ಒಂದರ ಬಿಡಿಭಾಗವೂ ಕೆಟ್ಟಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದರೆ ಸರಿಹೋಗುತ್ತಿತ್ತು.

ಯಂತ್ರ ಎದ್ದ ದಿನವೇ ಹಾಡುಗಳನ್ನು ಎರಡು ಕಡೆ ಕಾಪಿ ಮಾಡಿ, ಒಂದು ಪೆನ್‌ಡ್ರೈವಿಗೆ, ಇನ್ನೊಂದು ಮಗಳಿಗೆ ಇಮೇಲ್. ಏಳಲೇ ಇಲ್ಲ ಅಂದರೆ ಡಿಸ್ಕ್ ಬಿಚ್ಚಿ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಬೇರೆ ಅಡಾಪ್ಟರ್ ಇರುವ ಯುಎಸ್‌ಬಿ ಕೇಬಲ್ಲೇ ಕೇಳಿ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪೆನ್‌ಡ್ರೈವಿನಂತೆ ತೆರೆಯುತ್ತದೆ. "ಫಾರ್ಮ್ಯಾಟ್ ಮಾಡಲಾ" ಅಂತ ಕೇಳಿದರೆ ಬೇಡ ಅನ್ನಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ವ್ಯವಸ್ಥೆ) ಕೀ ಕೇಳಿದರೆ ಆ 48 ಅಂಕಿ ಬಹುಶಃ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಡಿಸ್ಕ್ ಟಕ್ ಟಕ್ ಅಂತ ಒಂದೇ ಸಮನೆ ಬಡಿದುಕೊಂಡರೆ ಮಾತ್ರ ತಕ್ಷಣ ಆಫ್ ಮಾಡಿ, ಡೇಟಾ ತೆಗೆಯುವುದನ್ನೇ ವೃತ್ತಿ ಮಾಡಿಕೊಂಡವರ ಕೈಗೆ ಕೊಡಿ.

ಇನ್ನೊಂದು, ಇದನ್ನು ಅಂಗಡಿಯವರು ಹೇಳುವುದಿಲ್ಲ. ನೀವು ನುಡಿಯ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಹೊಸ ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರಗಳು ಬರುತ್ತವೆ. ಎಷ್ಟೋ ಜನ ಫೈಲ್ ಕೆಟ್ಟಿದೆ ಅಂತ ಅಳಿಸಿಯೇ ಬಿಟ್ಟಿದ್ದಾರೆ. ಕೆಟ್ಟಿರುವುದಿಲ್ಲ. ಅದೇ ಫಾಂಟ್ ಹಾಕಿದರೆ ಹಾಡು ಮತ್ತೆ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯುನಿಕೋಡಿಗೆ ಬದಲಿಸುವ ತಂತ್ರಾಂಶಗಳೂ ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲಿ ಇಲ್ಲಿ ಎಡವುತ್ತವೆ.

ರಬ್ಬರ್, ಸೆಲ್ ಎರಡೂ ಆದ ಮೇಲೂ ಕಪ್ಪಾಗಿದ್ದರೆ ನನಗೆ ಮತ್ತೆ ಬರೆಯಿರಿ. ರ‍್ಯಾಮ್ ತೆಗೆದಾಗ ಕೂಗಿತೋ ಇಲ್ಲವೋ ಅದೊಂದನ್ನು ಮರೆಯದೆ ತಿಳಿಸಿ, ಜೊತೆಗೆ ಬೋರ್ಡಿನ ಮೇಲೆ ಅಚ್ಚಾದ ಮಾಡೆಲ್ ನಂಬರಿನ ಒಂದು ಫೋಟೋ ಇರಲಿ.